ಕುರಿ ಕಾಕಾನ ಗಂಟೆ, ಮೊಮ್ಮಗಳ ಯುದ್ಧ

ನನ್ನ ಮೊಮ್ಮಗಳು ಯುದ್ಧ ಮುಗಿಸಿದಳು! ಐದುನೂರು ಸೈನಿಕರ ಯುದ್ಧ, ನಮ್ಮ ಪಡಸಾಲೆಯಲ್ಲೇ, ಒಂದೇ ಮಧ್ಯಾಹ್ನದಲ್ಲಿ. ಆಟಕ್ಕೆ ಕೂತವರಲ್ಲಿ ಒಬ್ಬರೂ ಬೇಸತ್ತು ಎದ್ದು ಹೋಗಲಿಲ್ಲ. ಆ ಸಂತೋಷದಲ್ಲೇ ಬರೆಯಲು ಕೂತಿದ್ದೇನೆ. ಅಕ್ಷರ ಸೊಟ್ಟ ಬಿದ್ದರೆ ಓದುವವರು ಸುಧಾರಿಸಿಕೊಳ್ಳಬೇಕು, ನಾನು ಕಲಿತದ್ದು ನಾಲ್ಕನೆಯ ಇಯತ್ತೆ ಮಾತ್ರ.

ಗೆದ್ದೆವೆಂದು ಹುಡುಗರು ಕೂಗಿದಾಗ ನನ್ನ ನೆನಪಿಗೆ ಬಂದದ್ದು ಒಂದು ಸುಟ್ಟ ಮುಂಗೈ. ಮಣಿಕಟ್ಟಿನಿಂದ ಮೊಳಕೈವರೆಗೆ, ರೊಟ್ಟಿಯ ಮೇಲಿನ ಕಂದು ಬೊಟ್ಟುಗಳಂಥ ಕಲೆ. ಕುರಿ ಕಾಕಾನ ಕೈ ಅದು.

ಕಾಕಾ ನಮ್ಮ ಬಳಗದವನಲ್ಲ. ಕಬ್ಬು ಕಡಿದ ಮೇಲೆ ಗೊಬ್ಬರಕ್ಕೆಂದು ಹೊಲದಲ್ಲಿ ಕುರಿ ಕೂಡಿಸುವುದು ನಮ್ಮೂರು ಭೋಜದ ಕಡೆ ರೂಢಿ. ವರ್ಷಕ್ಕೊಮ್ಮೆ ಅವನು ಹಿಂಡು ತರುತ್ತಿದ್ದ. ಹೆಗಲಿಗೆ ಕಂಬಳಿ, ಹಣೆಗೆ ಅರಿಶಿನದ ಭಂಡಾರ. ಕುರಿ ಎಷ್ಟು ಎಂದು ಕೇಳಿದರೆ ಅವನಿಗೆ ಸಿಟ್ಟು. "ಎಣಸಬಾರದವಾ, ನದರ ಆಗತೈತಿ, ಕಣ್ಣ ಬೀಳತೈತಿ. ಕುರಿ ನೋಡಬ್ಯಾಡ, ಹಿಂಡ ನೋಡು." ಆದರೆ ಒಂದು ಕಡಿಮೆಯಾದರೂ ಅವನಿಗೆ ಗೊತ್ತಾಗುತ್ತಿತ್ತು. ರೊಟ್ಟಿ ಕೊಟ್ಟರೆ ಮೊದಲ ತುಣುಕು ಗಂಟೆ ಕಟ್ಟಿದ ಹೋತಕ್ಕೆ. "ಅಂವ ಮುಂದ ಹೋಗಾಂವ, ಮೊದಲ ಅಂವ ತಿನ್ಲಿ. ನಾ ಬರೇ ಹಿಂದ ಬರಾಂವ," ಎನ್ನುತ್ತಿದ್ದ.

ನಾನು ಲಗ್ನವಾಗಿ ಬಂದ ವರ್ಷ ಮಗ್ಗುಲ ಹೊಲದವರು ಕಬ್ಬಿನ ಒಣಗರಿಯ ರವದಿಗೆ ಬೆಂಕಿ ಹಚ್ಚಿದರು. ಗಾಳಿ ತಿರುಗಿತು. ಬೆಂಕಿ ನಮ್ಮ ಬದು ದಾಟಿತು. ಕುರಿ ಕೂಡಿಹಾಕಿದ ಬಲೆಯೊಳಗೆ ಇಡೀ ಹಿಂಡು, ಕಾಕಾ ನೀರಿಗೆಂದು ಬಾವಿಗೆ ಹೋಗಿದ್ದಾನೆ. ರೊಟ್ಟಿ ಬುಟ್ಟಿ ಬಿಸಾಡಿ, ಬಲೆ ಕಿತ್ತು ಒಳಗೆ ನುಗ್ಗಿದೆ. ಒಂದು ಕುರಿಯ ಕಿವಿ ಹಿಡಿದು ಹೊರಗೆ ಎಳೆದೆ. ಕೈಬಿಟ್ಟೊಡನೆ ಅದು ನನ್ನನ್ನೇ ದಾಟಿಕೊಂಡು ಹಿಂಡಿಗೆ ಓಡಿತು! ಮತ್ತೊಂದನ್ನು ಎಳೆದೆ, ಅದೂ ಹಾಗೆಯೇ. ಹೊಗೆಯಲ್ಲಿ ಅಳುತ್ತ ಮೂರನೆಯದಕ್ಕೆ ಕೈ ಹಾಕಿದಾಗ ಕಾಕಾ ಓಡಿ ಬಂದ.

"ಏ ತಂಗೆವ್ವಾ, ಏನ ಮಾಡಾಕತ್ತಿ? ಒಂದೊಂದ ಎಳಕೋತ ನಿಂತ್ರ ನೀನೂ ಸುಡ್ತಿ, ಕುರೀನೂ ಸುಡ್ತಾವ!"

ಉರಿಯುವ ರವದಿಯೊಳಗೇ ಕೈ ಚಾಚಿ ಹೋತದ ಕೋಡು ಹಿಡಿದ. ಎಳೆದ. ಅದರ ಗಂಟೆ ಬಡಿಯಿತು. ಒಡ್ಡು ಒಡೆದ ನೀರಿನಂತೆ ಹಿಂಡೆಲ್ಲ ಅದರ ಹಿಂದೆ ಹರಿಯಿತು. ಬೆಂಕಿಯೊಳಗೆ ಒಂದು ಮರಿಯೂ ಸಿಕ್ಕಿಬೀಳಲಿಲ್ಲ. ನಾನು ಅವನ ಕೈಗೆ ಲೋಳಸರ ಹಚ್ಚುವಾಗ ನಕ್ಕ. "ನಾ ಹಿಡದದ್ದು ಒಂದ ಹೋತ. ಉಳದಾವು ತಾವ ಬಂದ್ವು."

ಹೋದ ಸುಗ್ಗಿಯಲ್ಲಿ ಹಿಂಡು ಬಂತು, ಕಾಕಾ ಬರಲಿಲ್ಲ. ಮಳೆಗಾಲದಲ್ಲೇ ತೀರಿಕೊಂಡಿದ್ದ. ಅವನ ಸೊಸೆ ಆ ಹಳೆಯ ಗಂಟೆಯನ್ನು ನನ್ನ ಉಡಿಯಲ್ಲಿ ಹಾಕಿದಳು. "ನಿಮಗ ಕೊಡು ಅಂದಿದ್ರರಿ." ಅದನ್ನು ಗೂಟಕ್ಕೆ ತೂಗಿ ಹಾಕಿದ್ದೆ.

ಇನ್ನು ಮೊಮ್ಮಗಳ ಆಟ. ಅವಳು ನಿಪ್ಪಾಣಿಯಲ್ಲಿ ಕಾಲೇಜು ಓದುತ್ತಾಳೆ. ಆರು ಗೆಳೆಯರು ನಕಾಶೆ ಹಾಸಿ ಸುತ್ತ ಕೂರುತ್ತಾರೆ, ಒಬ್ಬೊಬ್ಬರೂ ಒಬ್ಬ ವೀರ. ಇವಳು ಕಥೆ ನಡೆಸುವವಳು, ವೈರಿಗಳನ್ನೂ ಆಡಿಸುವವಳು. ಏಟು ಬಿತ್ತೋ ತಪ್ಪಿತೋ ದಾಳ ಹೇಳುತ್ತದೆ. ವರ್ಷದಿಂದ ನಡೆದ ಕಥೆ ರಾಕ್ಷಸರ ದಂಡು ವೀರರ ಕೋಟೆ ಮುತ್ತುವಲ್ಲಿಗೆ ಬಂದಿತ್ತು. ಹೋದ ತಿಂಗಳು ಆ ಯುದ್ಧಕ್ಕೆ ಕೂತರು. ಪ್ರತಿ ಸೈನಿಕನಿಗೂ ಬೇರೆ ದಾಳ! ಸಂಜೆಯಾದರೂ ರಾಕ್ಷಸರು ಕೋಟೆಯ ಬಾಗಿಲು ಮುಟ್ಟಲಿಲ್ಲ. ಒಬ್ಬಳು ಮೊಬೈಲ್ ಹಿಡಿದಳು. ಒಬ್ಬ ಆಕಳಿಸಿ, "ಇದೇನ ಯುದ್ಧನೋ, ಕಾರ್ಖಾನಿ ಮುಂದ ಕಬ್ಬಿನ ಗಾಡಿ ಪಾಳಿನೋ?" ಎಂದ. ಎಲ್ಲರೂ ನಕ್ಕರು. ಇವಳ ಮುಖ ಕಪ್ಪಿಟ್ಟಿತು.

"ಇನ್ನೊಂದ ಸಲ ಹಿಂಗಾದ್ರ ಅವ್ರು ಬರಂಗಿಲ್ಲ, ಆಯಿ. ಕಥಿ ಅರ್ಧಕ್ಕ ನಿಲ್ತೈತಿ," ಎಂದು ನನ್ನ ಮಗ್ಗುಲಲ್ಲಿ ಕೂತು ಅತ್ತಳು. ಊಟ ಬಿಟ್ಟಳು. ರಾಕ್ಷಸರ ವಿಷಯ ನಾನೇನು ಬಲ್ಲೆ? ಗೂಟದ ಗಂಟೆ ಕಂಡಿತು. ಬೆಂಕಿಯ ಕಥೆ ಹೇಳಿದೆ. "ನೀನೂ ನನ್ನಂಗ ಒಂದೊಂದ ಕುರಿ ಎಳ್ಯಾಕತ್ತಿ, ಹುಚ್ಚಿ. ಹಿಂಡ ಮಾಡು."

ಕಣ್ಣೊರೆಸಿಕೊಂಡು ಬರೆಯುವ ವಹಿ ತೆಗೆದಳು. ಇಪ್ಪತ್ತು ಸೈನಿಕರಿಗೆ ಒಂದು ಹಿಂಡು, ಹಿಂಡಿಗೆ ಒಂದೇ ದಾಳ. ನಮ್ಮ ದಂಡಿನ ಮುಂದಾಳು ಯಾರೋ ಅವರ ಮುಂದೆ ಕಾಕಾನ ಗಂಟೆ. ಮುಂದಾಳು ಬಿದ್ದರೆ, ಇನ್ನೊಬ್ಬರು ಗಂಟೆ ಹಿಡಿಯುವವರೆಗೆ ಹಿಂಡುಗಳೆಲ್ಲ ಚದುರುತ್ತವೆ.

ಇವತ್ತು ಮಧ್ಯಾಹ್ನ ಮತ್ತೆ ಅದೇ ಯುದ್ಧಕ್ಕೆ ಕೂತರು. ಅಡುಗೆಮನೆಯಿಂದ ಇಣುಕಿ ನೋಡುವುದರಲ್ಲೇ ಎರಡು ರೊಟ್ಟಿ ಸೀದವು. ಗಂಟೆ ಹಿಡಿದಿದ್ದವನು ಕಬ್ಬಿನ ಗಾಡಿ ಎಂದು ಅಣಕಿಸಿದ ಹುಡುಗನೇ. ಕೋಟೆಯ ಬಾಗಿಲಲ್ಲಿ ಅವನ ವೀರ ಸತ್ತ. ಹಿಂಡುಗಳು ಚದುರಿದವು. ಮುಗಿಯಿತು, ಇನ್ನು ಎದ್ದು ಹೋಗುತ್ತಾರೆ ಎಂದುಕೊಂಡೆ. ಮೊಮ್ಮಗಳು ನನ್ನ ಕಡೆ ನೋಡಿದಳು, ಮುಖದಲ್ಲಿ ರಕ್ತವಿಲ್ಲ.

ಆಗ ಮೊಬೈಲ್ ಹುಡುಗಿ ಮೊಣಕಾಲ ಮೇಲೆ ಎದ್ದಳು. "ಗಂಟಿ ನನ್ನ ಕಡೆ ಕೊಡೋ! ಮುಂದ ನಾ ಹೊಕ್ಕೀನಿ!"

"ಸಾಯ್ತಿ ಬೇ!" ಎಂದ ಅಣಕದ ಹುಡುಗ.

"ಸತ್ರ ಸಾಯ್ತೀನಿ, ನೀ ಸುಮ್ಕಿರು!"

ದಾಳ ಉರುಳಿತು. ನಾನು ಕಣ್ಣು ಮುಚ್ಚಿದೆ. ತೆರೆದಾಗ ಎಲ್ಲರೂ ಎದ್ದು ಕುಣಿಯುತ್ತಿದ್ದರು.

ಸಂಜೆ ಊಟಕ್ಕೆ ಕರೆದರೆ ಬರುವವರು ಯಾರು? ಅಂಗಳದಲ್ಲಿ ಇನ್ನೂ ಅದೇ ಯುದ್ಧದ ಮಾತು, ಹೊಲದಿಂದ ಬಂದ ನನ್ನ ಮಗನೂ ಅವರೊಳಗೆ ಸೇರಿದ್ದ. ಮೊಮ್ಮಗಳು ಗಂಟೆ ಅಲ್ಲಾಡಿಸಿದಳು. ಬಂದರು ನೋಡಿ, ಒಬ್ಬರ ಹಿಂದೊಬ್ಬರು. ಮಗ, ಸೊಸೆ, ಹುಡುಗರು ಎಲ್ಲ ಒಂದೇ ಸಾಲಿಗೆ ಕೂತರು. ನಾನು ಮೊದಲ ರೊಟ್ಟಿ ಮುರಿದು ಒಂದು ತುಣುಕನ್ನು ಗಂಟೆಯ ಪಕ್ಕದಲ್ಲಿಟ್ಟೆ.

"ಅದ್ಯಾರಿಗಿ, ಆಯಿ?" ಎಂದ ಅಣಕದ ಹುಡುಗ.

"ಹಿಂದ ಬರಾಂವಗ," ಎಂದೆ. "ನೀವು ಉಣ್ರಿ."