ಏಳನೆಯದು ಕೂಗುವುದಿಲ್ಲ

ಹ್ಯೂಸ್ಟನ್ ಪಕ್ಕದ ಪೇರ್‌ಲ್ಯಾಂಡ್ ದಾಟಿ ಇನ್ನೂ ದಕ್ಷಿಣಕ್ಕೆ, ಮನೆಗಳು ಮುಗಿದು ಹುಲ್ಲುಗಾವಲು ಶುರುವಾಗುವ ಕಡೆ ಒಂದು ಅಗ್ನಿಶಾಮಕ ಠಾಣೆ. ಬೆಳಕು ಹರಿಯುವ ಹೊತ್ತಿಗೆ ಐಶ್ವರ್ಯಾ ಅಲ್ಲಿನ ಏಳು ಉಸಿರಾಟದ ಸೆಟ್‌ಗಳನ್ನು ಮೇಜಿನ ಮೇಲೆ ಸಾಲಾಗಿ ಮಲಗಿಸುತ್ತಾರೆ. ಸೆಟ್ ಅಂದರೆ ಬೆನ್ನಿಗೆ ಕಟ್ಟುವ ಗಾಳಿಯ ಸಿಲಿಂಡರ್, ಪಟ್ಟಿಗಳು, ಮುಖಕ್ಕೊಂದು ಮಾಸ್ಕ್. ಎಲ್ಲವನ್ನೂ ಚಾಲೂ ಮಾಡಿ, ಕೋಣೆಯಿಂದ ಹೊರಗೆ ಬಂದು, ಗಾಜಿನ ಬಾಗಿಲು ಹಾಕಿ ಕಾಯುತ್ತಾರೆ.

ಹೊಗೆಯಲ್ಲಿ ಬಿದ್ದವನು ಅರ್ಧ ನಿಮಿಷ ಅಲುಗದಿದ್ದರೆ ಸೆಟ್ ತಾನಾಗಿ ಕಿರುಚಬೇಕು. ಆ ಕೂಗಿನ ಜಾಡು ಹಿಡಿದು ಜೊತೆಯವರು ಬರಬೇಕು. ಮೇಜಿನ ಮೇಲೆ ಮಲಗಿದ್ದು ಅಲುಗುವ ಮಾತೇ ಇಲ್ಲವಲ್ಲ, ಹಾಗಾಗಿ ಏಳೂ ಕಿರುಚಬೇಕು. ಆರು ಕಿರುಚುತ್ತವೆ, ಗಾಜು ನಡುಗುತ್ತದೆ. ಆ ಆರರ ದೀಪ ಕೆಂಪು. ಏಳನೆಯದು ಕೂಗುವುದಿಲ್ಲ, ಅದರ ದೀಪ ಹಸಿರು. ಯಾರೋ ಅದನ್ನು ತೊಟ್ಟು ಆರಾಮಾಗಿ ಓಡಾಡುತ್ತಿದ್ದಾರೆ ಎಂದು ಆ ಹಸಿರಿನ ಅರ್ಥ.

"ಇವತ್ತೂ ಅಷ್ಟ ನೋಡ್ರಿ," ಎನ್ನುತ್ತಾರೆ ಐಶ್ವರ್ಯಾ, ಹಾಲು ಒಡೆದ ಸುದ್ದಿ ಹೇಳುವ ದನಿಯಲ್ಲಿ.

ಗದಗಿನಲ್ಲಿ ಡಿಪ್ಲೊಮಾ ಓದಿದವರು, ಮದುವೆಯಾಗಿ ಇಲ್ಲಿಗೆ ಬಂದವರು. ಗುಡಿಯ ಪ್ರಸಾದದ ಸಾಲಿನಲ್ಲಿ ಹೃದಯತಜ್ಞರೊಬ್ಬರು ಎಲ್ಲಿ ಕೆಲಸ ಎಂದು ಕೇಳಿದ್ದರಂತೆ. "ಫೈರ್‌ನಾಗ" ಅಂದರೆ, "ಓ, ಯಾವ ಸಾಫ್ಟ್‌ವೇರ್ ಅದು?" "ಸಾಫ್ಟ್‌ವೇರ್ ಅಲ್ರಿ ಅಂಕಲ್, ಬೆಂಕಿ." ಅಂಕಲ್ ಪುಳಿಯೋಗರೆಯ ಕಡೆ ತಿರುಗಿದರು. ಅತ್ತೆ ನಿಂಗವ್ವನಿಗೆ ಅಂಥ ಮುಜುಗರವೇನಿಲ್ಲ: "ನಮ್ಮ ಸೊಸಿ ಡಬ್ಬಿಗೆ ಉಸಿರು ತುಂಬ್ತಾಳ. ಈ ದೇಶದಾಗ ಅದಕ್ಕೂ ಪಗಾರ ಐತಿ."

ಹ್ಯೂಸ್ಟನ್ ನಗರಕ್ಕೆ ತನ್ನದೇ ದೊಡ್ಡ ದಳವಿದೆ. ನಗರದ ಎಲ್ಲೆ ದಾಟಿದರೆ ಕೌಂಟಿಯ ಹಳ್ಳಿಗಾಡು. ಅಲ್ಲಿನ ಬೆಂಕಿಯನ್ನು ಸಣ್ಣ ಸಣ್ಣ ಅಗ್ನಿಶಾಮಕ ಡಿಸ್ಟ್ರಿಕ್ಟ್‌ಗಳು ಹಂಚಿಕೊಂಡಿವೆ. ಮೇಲೊಂದು ಮಂಡಳಿ, ಕೆಳಗೆ ಸಂಬಳದವರು ಕೆಲವರು, ಉಳಿದವರು ಸ್ವಯಂಸೇವಕರು. ಈ ಠಾಣೆಗೆ ಒಂದು ಎಂಜಿನ್ನು, ರಸ್ತೆಯಲ್ಲಿ ನೀರಿನ ಹೈಡ್ರಂಟ್ ಕೊಳಾಯಿ ಇಲ್ಲದ ಕಡೆಗೆ ನೀರು ಹೊರುವ ಟ್ಯಾಂಕರ್, ಹುಲ್ಲಿನ ಬೆಂಕಿಗೊಂದು ಪಿಕಪ್. ನೆರೆ ಬಂದರೆ ಇರಲಿ ಎಂದು ದೋಣಿಯೂ ಉಂಟು. ಹೆಚ್ಚುವರಿ ಉಸಿರಾಟದ ಸೆಟ್ ಮಾತ್ರ ಇಲ್ಲ. ಏಳನೆಯದನ್ನು ಬದಿಗಿಟ್ಟರೆ ಅದನ್ನು ತೊಡುವ ಮಿಹಿರ್ ಉರಿಯುವ ಮನೆಯೊಳಗೆ ಹೋಗುವಂತಿಲ್ಲ.

ಮಿಹಿರ್ ವಾರವೆಲ್ಲ ಹಲ್ಲಿನ ಡಾಕ್ಟರು, ಸರದಿಯ ದಿನ ಸ್ವಯಂಸೇವಕ. ದಳದ ಚಟ ಅವನಿಗೂ ಹತ್ತಿದೆ: ಸುಮ್ಮನೆ ನಿಂತರೆ ಸೆಟ್ ಕೂಗುತ್ತದೆಂದು ನಿಂತಲ್ಲೇ ಸೊಂಟ ಆಡಿಸುತ್ತಾನೆ. ಮದುವೆ ಮಂಟಪದಲ್ಲೂ ಆಡಿಸಿ, "ಬಾತ್‌ರೂಮಿಗೆ ಹೋಗಬೇಕೇನಪ್ಪಾ?" ಎಂದು ಪುರೋಹಿತರಿಂದ ಕೇಳಿಸಿಕೊಂಡವನು.

"ಕಮ್ ಆನ್ ಆಂಟಿ! ಕಂಪನಿಯವ್ರೇ ಚೆಕ್ ಮಾಡಿ ಫೈನ್ ಅಂದ್ರಲ್ಲ?"

"ಅಲ್ಲಿ ಕೂಗ್ತದಪಾ. ಇಲ್ಲಿ ಕೂಗಂಗಿಲ್ಲ."

ವಾದ ಕೇಳಿ ಸಾಕಾದ ಠಾಣೆಯ ಕ್ಯಾಪ್ಟನ್ ಇವತ್ತು ಒಂದು ಉಪಾಯ ಹೂಡುತ್ತಾನೆ. ಮಿಹಿರ್ ಏಳನೆಯದನ್ನೇ ತೊಟ್ಟು ನೆಲದ ಮೇಲೆ ಮಲಗಲಿ. ಮಿಹಿರ್ ಮಲಗುತ್ತಾನೆ. ಮಾಸ್ಕಿನೊಳಗೆ ಉಸಿರು ಬುಸ್ ಎನ್ನುತ್ತದೆ, ನಿಲ್ಲುತ್ತದೆ, ಮತ್ತೆ ಬುಸ್. ಅರ್ಧ ನಿಮಿಷ ತುಂಬುತ್ತದೆ. ಸೆಟ್ ಇದ್ದಕ್ಕಿದ್ದಂತೆ ಎಂಥ ಕೂಗು ಹಾಕುತ್ತದೆಂದರೆ ತಂತಿಯ ಮೇಲಿನ ಹಕ್ಕಿಗಳೆಲ್ಲ ಒಮ್ಮೆಗೇ ಏಳುತ್ತವೆ.

ಕ್ಯಾಪ್ಟನ್ ಚಪ್ಪಾಳೆ ತಟ್ಟುತ್ತಾನೆ. ಮಿಹಿರ್ ಏಳುವುದಿಲ್ಲ.

"ಏಳೋ ಮಾರಾಯಾ, ನಾಟಕ ಸಾಕು!" ಐಶ್ವರ್ಯಾ ಗದರಿದ ಮೇಲೆ ಎದ್ದು, ಹಲ್ಲು ಕಿರಿದು, ಸೊಂಟ ಆಡಿಸುತ್ತಾನೆ.

"ಮನುಷ್ಯ ಬಿದ್ದರೆ ಕೂಗುತ್ತದೆ. ಇನ್ನೇನು ಬೇಕು ನಿನಗೆ?" ಎನ್ನುತ್ತಾನೆ ಕ್ಯಾಪ್ಟನ್.

ಐಶ್ವರ್ಯಾ ಮೊದಲು ಇಂಗ್ಲಿಷಿನಲ್ಲಿ ಉತ್ತರಿಸಿ, ಆಮೇಲೆ ತಮಗೇ ಎಂಬಂತೆ ಕನ್ನಡದಲ್ಲಿ ಹೇಳಿಕೊಳ್ಳುತ್ತಾರೆ: "ಮನುಷ್ಯಾ ಇದ್ದಾಗ ಸರಿ ಐತಿ. ಯಾರೂ ಇಲ್ಲದಾಗ ಅದನ್ನ ಯಾರು ಅಲ್ಲಾಡಸ್ತಾರ, ಅದು ನನಗ ಬೇಕು."

ಮಿಹಿರನ ಸೊಂಟ ನಿಂತುಬಿಡುತ್ತದೆ. ಸೆಟ್ ಬಿಚ್ಚಲು ಐಶ್ವರ್ಯಾರ ಕಡೆ ಬೆನ್ನು ತಿರುಗಿಸುತ್ತಾನೆ. ಅವರು ಬಿಚ್ಚಿ, ಬಳಸಕೂಡದೆಂಬ ಕೆಂಪು ಚೀಟಿ ಕಟ್ಟಿ, ಆರಿಸದೆಯೇ ಒಳಗಿನ ಮೇಜಿನ ಮೇಲಿಡುತ್ತಾರೆ. ಈ ಸಲ ಕ್ಯಾಪ್ಟನ್ನೇ ಚೀಟಿಗೆ ಸಹಿ ಹಾಕುತ್ತಾನೆ.

ಅಷ್ಟರಲ್ಲೇ ಕರೆ ಬರುತ್ತದೆ: ಕೊಟ್ಟಿಗೆಯೊಂದಕ್ಕೆ ಬೆಂಕಿ. ಆರು ಸೆಟ್ ಹೊರಡುತ್ತವೆ. ಮಿಹಿರ್ ಹೊರಗೆ ನಿಂತು ಪಂಪ್ ನೋಡಿಕೊಳ್ಳಲು ಹೋಗುತ್ತಾನೆ. ಹೊತ್ತೇರಿದ ಮೇಲೆ ಎಲ್ಲರೂ ಮಸಿ ಮುಖ ಹೊತ್ತು ವಾಪಸಾಗುತ್ತಾರೆ. ಐಶ್ವರ್ಯಾ ತಲೆ ಎಣಿಸಿ, ಕೊನೆಯವನಾಗಿ ಇಳಿದ ಮಿಹಿರನ ಬೆನ್ನ ಮೇಲೊಂದು ಗುದ್ದು ಕೊಡುತ್ತಾರೆ. ಅವರ ಬಯಕೆ ದೊಡ್ಡದಲ್ಲ. "ಹೊಸಾದು ಬರ್ಲಿ ಸಾಕ್ರಿ. ಏಳೂ ಒಟ್ಟಿಗೆ ಒದರಿದ ದಿನ ನಾ ಕುಂತು ಬಿಸಿ ಚಾ ಕುಡೀತೀನಿ."

ಹೇಳುತ್ತ ಗಾಜಿನ ಬಾಗಿಲಿಗೆ ಬೆನ್ನು ಹಾಕಿ ನಿಂತಿದ್ದಾರೆ, ಒಂದು ಕಾಲಿನಿಂದ ಇನ್ನೊಂದಕ್ಕೆ ಮೈ ತೂಗುತ್ತ. ಒಳಗೆ ಮೇಜಿನ ಮೇಲೆ ಏಳನೆಯದರ ಹಸಿರು ದೀಪ.

"ನಿಮ್ಮ ಬೆನ್ನ ಮೇಲೆ ಏನೂ ಇಲ್ಲ ಆಂಟಿ, ಯಾಕೆ ಅಲ್ಲಾಡ್ತೀರಾ?" ಮಿಹಿರ್ ಛೇಡಿಸುತ್ತಾನೆ.

"ಇರ್ಲಿ ಬಿಡೋ," ಎನ್ನುತ್ತಾರೆ, ತಿರುಗಿ ನೋಡದೆ. "ನಾ ಇಲ್ಲೇ ಅದೀನಿ ಅಂತ ಒಳಗಿದ್ದದ್ದಕ್ಕ ಗೊತ್ತಿರ್ಲಿ."