ಅಣ್ಣನ ಮದುವೆಯ ಫೋಲ್ಡರ್

ಮೊನ್ನೆ ರಾಮದುರ್ಗದ ಝೆರಾಕ್ಸ್ ಅಂಗಡಿಯಲ್ಲಿ ಲ್ಯಾಮಿನೇಷನ್ ಮಾಡುವ ಬಿಸಿ ಪ್ಲಾಸ್ಟಿಕ್ಕಿನ ವಾಸನೆ ಮೂಗಿಗೆ ಬಡಿಯಿತು. ಬೈಲಹೊಂಗಲದ ಫೋಟೋ ಸ್ಟುಡಿಯೋದ ಮಾಲಕ ನೆನಪಾದ, ಮೈಯೆಲ್ಲ ಉರಿಯಿತು. ಅವನಿಗೆ ಬಹುವಚನ ಕೊಡಲು ನನಗೆ ಈಗಲೂ ಮನಸ್ಸಿಲ್ಲ.

ಮದುವೆಗೆ ಮೊದಲು ನಾನು ಅವನ ಬಳಿ ಕಂಪ್ಯೂಟರ್ ಕೆಲಸಕ್ಕಿದ್ದೆ. ಯಾರದೇ ಮದುವೆಯ ಫೋಟೋ, ವಿಡಿಯೋ ಇರಲಿ, ಗಂಡಿನ ಮನೆಯ ಅಡ್ಡಹೆಸರು ಮತ್ತು ಊರು, ಇಷ್ಟೇ ಫೋಲ್ಡರಿನ ಹೆಸರು. ಇಸವಿಯಿಲ್ಲ, ಮದುಮಗನ ಹೆಸರೂ ಇಲ್ಲ. ಕ್ಯಾಮೆರಾದ ಕಾರ್ಡು ಚುಚ್ಚಿ ಹೆಸರು ಟೈಪಿಸಿದರೆ ಉಳಿದದ್ದನ್ನು ಅವನೇ ಬರೆದ ಸ್ಕ್ರಿಪ್ಟು, ಅಂದರೆ ಕಂಪ್ಯೂಟರಿಗೆ ಸಾಲುಸಾಲಾಗಿ ಬರೆದಿಟ್ಟ ಆಜ್ಞೆಗಳು, ಮಾಡುತ್ತಿತ್ತು. ಅದೇ ಹೆಸರಿನ ಫೋಲ್ಡರ್ ಮೊದಲೇ ಇದ್ದರೆ ಕೇಳದೆ ಹೇಳದೆ ಅಳಿಸಿ, ಹೊಸದನ್ನು ತುಂಬುತ್ತಿತ್ತು. ಒಂದು ಮನೆಯಲ್ಲಿ ಒಂದೇ ಮದುವೆ ಆಗುತ್ತದೆಯೇ?

"ಸರ್, ಫೋಲ್ಡರ್ ಮೊದಲ ಇದ್ರ ಅಲ್ಲೇ ನಿಂದರೂ ಹಂಗ ಎರಡ ಸಾಲ ಹಾಕ್ರಿ," ಅಂದೆ.

ಗಿರಾಕಿಗಳ ಮುಂದೆಯೇ ನಕ್ಕ. "ನೀ ಹುಟ್ಟೂಕಿಂತ ಮೊದಲಿಂದ ಈ ಧಂದೆ ಮಾಡಾಕ ಹತ್ತೇನಿ. ನಿನ್ನ ಶಾಣ್ಯಾತನ ಮನ್ಯಾಗ ಇಟ್ಟ ಬಾ."

ಅವತ್ತು ಎಂಥ ಸಿಟ್ಟು ಬಂದಿತ್ತೆಂದರೆ…

ನಮ್ಮ ಅಣ್ಣನ ಮದುವೆಯ ವಿಡಿಯೋ ಆ ಕಂಪ್ಯೂಟರಿನಲ್ಲೇ ಇತ್ತು. ಅದರಲ್ಲಿ ನಮ್ಮವ್ವ ಅರಿಷಿಣ ಹಚ್ಚುತ್ತ ಸೋಬಾನ ಹಾಡಿದ್ದಳು. ನಮಗೆ ಕೊಟ್ಟ ಡಿವಿಡಿ ಎಂದೋ ಹಾಳಾಗಿತ್ತು. ಅವ್ವ ತೀರಿಕೊಂಡ ಮೇಲೆ ಆ ದನಿ ಕೇಳುವ ಧೈರ್ಯ ನನಗಾಗಲಿಲ್ಲ. ಮನಸ್ಸು ಗಟ್ಟಿಯಾದಾಗ ಕಾಪಿ ಮಾಡಿಕೊಂಡರಾಯಿತು ಎಂದು ಬಿಟ್ಟಿದ್ದೆ. ಅಷ್ಟರಲ್ಲಿ ತಮ್ಮನ ಮದುವೆ ಬಂತು. ನಾನು ಚಚಡಿಯ ನಮ್ಮ ಮನೆಯಲ್ಲಿ ಬೀಗರ ಉಪಚಾರದಲ್ಲಿದ್ದೆ. ಮಾಲಕ ಸ್ಟುಡಿಯೋಕ್ಕೆ ಹೋಗಿ ಕಾರ್ಡು ಚುಚ್ಚಿ ನಮ್ಮ ಅಡ್ಡಹೆಸರು, ಊರು ಟೈಪಿಸಿದ. ಅಣ್ಣನ ಮದುವೆ ಹೋಯಿತು, ಅವ್ವನ ಹಾಡೂ ಹೋಯಿತು.

ಕೇಳಲು ಹೋದರೆ ತಲೆಯನ್ನೂ ಎತ್ತಲಿಲ್ಲ. "ದಿನಾ ಇಲ್ಲೇ ಕುಂಡ್ರತಿದ್ದಿ, ಮೊದಲ ತಗೊಂಡ ಇಟ್ಕೋಬೇಕಾಗಿತ್ತ," ಅಂದ. ತಪ್ಪಾಯಿತು ಅನ್ನುವ ಒಂದು ಮಾತು ಆ ಬಾಯಿಂದ ಬರಲಿಲ್ಲ. ಕೈಯಲ್ಲಿದ್ದ ಸ್ಟುಡಿಯೋದ ಬೀಗದ ಕೈಯನ್ನು ಟೇಬಲ್ಲಿನ ಮೇಲೆ ಒಗೆದು ಬಂದೆ. ಅವನು ಸತ್ತ ಸುದ್ದಿ ಬಂದಾಗಲೂ ಆ ಓಣಿ ತುಳಿಯಲಿಲ್ಲ.

ಈಗ ನನ್ನ ಮಗಳು ಅಜ್ಜಿಯ ಬಗ್ಗೆ, "ಆಯಿ ದನಿ ಹೆಂಗಿತ್ತವ್ವಾ?" ಎಂದು ಕೇಳುತ್ತಾಳೆ. ಕೇಳಿಸಲು ಏನೂ ಉಳಿದಿಲ್ಲ. ಅವನ ತಪ್ಪನ್ನು ಅವಳಿಗೆ ಬಿಡಿಸಿ ಬಿಡಿಸಿ ಹೇಳಿದ್ದೇನೆ, ನನ್ನದನ್ನು ಹೇಳಿಲ್ಲ. ಅವನು ಮಧ್ಯಾಹ್ನ ಊಟಕ್ಕೆ ಹೋದಾಗಲೆಲ್ಲ ಆ ಸ್ಕ್ರಿಪ್ಟು ನನ್ನ ಮುಂದೆಯೇ ಇರುತ್ತಿತ್ತು. ಎರಡು ಸಾಲು ಹಾಕಲು ನನಗೆ ಬರುತ್ತಿತ್ತು. ಯಾರದಾದರೂ ಮದುವೆ ಅಳಿಸಿಹೋಗಲಿ, ಇವನಿಗೆ ಬುದ್ಧಿ ಬರಲಿ ಎಂದು ನಾನು ಸುಮ್ಮನೆ ಕುಳಿತಿದ್ದೆ.