ಹದಿನೆಂಟು ಮೀಟರ್ ದೂರದ ಅಪ್ಪ

ಕಾರವಾರದ ದೋಣಿ ಮಾಲೀಕರಿಗಾಗಿ ಒಂದು ವೆಬ್‌ಪುಟ ನೋಡಿಕೊಳ್ಳುವುದು ನನ್ನ ಕೆಲಸ. ಬೊಬ್ರುವಾಡದ ಗಂಡನ ಮನೆಯಲ್ಲಿ ಕೂತೇ ಮಾಡುತ್ತೇನೆ. ಯಾವ ದೋಣಿ ದಡದಿಂದ ಎಷ್ಟು ಮೀಟರ್ ದೂರದಲ್ಲಿದೆ ಎಂದು ಆ ಪುಟ ತೋರಿಸುತ್ತದೆ. ಆಗೆಲ್ಲ ದೋಣಿಯಲ್ಲಿಟ್ಟ ಯಂತ್ರ ಕಳಿಸಿದ ಅಂಕಿಯನ್ನು ಬದಲಿಸದೆ ಹಾಗೇ ತೋರಿಸುತ್ತಿತ್ತು.

ಅಪ್ಪನ ದೋಣಿಯ ಮುಂದೆ ಒಂದೇ ಅಂಕಿ ನಿಂತುಬಿಟ್ಟಿತ್ತು: 18.405. ದೋಣಿ ಬಿರುಗಾಳಿಗೆ ಸಿಕ್ಕ ದಿನ ಬಂದ ಕೊನೆಯ ಅಂಕಿ. ಹುಡುಕಲು ಹೋದವರು ಸರಿಯಾಗಿ ಆ ಜಾಗಕ್ಕೇ ಹೋಗಿ ಬರಿಗೈಯಲ್ಲಿ ಬಂದರು. ಅಪ್ಪನೂ ಸಿಗಲಿಲ್ಲ, ದೋಣಿಯ ಒಂದು ಹಲಗೆಯೂ ಸಿಗಲಿಲ್ಲ. ಆ ಸಾಲನ್ನು ಅಳಿಸಲು ನನಗೆ ಕೈ ಬರಲಿಲ್ಲ.

ಆ ಯಂತ್ರ ಪರದೇಶದ್ದು. ಸಾವಿರ ಮುಗಿದಲ್ಲಿ ನಾವು ಅಲ್ಪವಿರಾಮ ಹಾಕಿದರೆ ಅವರು ಚುಕ್ಕೆ ಹಾಕುತ್ತಾರೆ. ಅಂದರೆ ಅದು ಹದಿನೆಂಟು ಸಾವಿರ ಮೀಟರಿಗೂ ಹೆಚ್ಚು. ದೇವಬಾಗದ ತವರಿನಲ್ಲಿರುವ ನನ್ನ ತಾಯಿ, ಆಯಿ, ಮಾತ್ರ ನಮ್ಮ ಲೆಕ್ಕದಲ್ಲೇ ಓದಿದಳು: ಹದಿನೆಂಟು ಮೀಟರ್, ಮೇಲೆ ಚೂರು.

ಅದು ಕೂಗಿದರೆ ಕೇಳುವ ದೂರ. ದೋಣಿ ಹತ್ತಿರ ಬಂದಾಗ ನಮ್ಮ ಹೆಂಗಸರು ದಡದಲ್ಲಿ ನಿಂತು ‘ಓ’ ಎನ್ನುತ್ತಾರೆ, ದೋಣಿಯನ್ನು ಎಲ್ಲಿ ದಡ ಹತ್ತಿಸಬೇಕೆಂದು ಒಳಗಿದ್ದವರಿಗೆ ತಿಳಿಯಲಿ ಎಂದು. ಆಯಿ ದಿನಾ ಫೋನು ನೋಡಿ, ನೀರಿನ ಅಂಚಿಗೆ ಹೋಗಿ ಕೂಗಿ ಬರುತ್ತಿದ್ದಳು. ಬಂದು ಅಪ್ಪನ ತಾಟಿಗೂ ಅನ್ನ ಬಡಿಸುತ್ತಿದ್ದಳು.

“ಇಲ್ಲೇ ಅವ್ರೆ ಮಗಾ, ದಡ ಕಾಣ್ತಿಲ್ಲ ಅಷ್ಟೆ.”

ನನಗೆ ಮೈಯೆಲ್ಲ ಉರಿಯುತ್ತಿತ್ತು. ಚುಕ್ಕೆಯ ಕತೆ ಬಿಡಿಸಿ ಹೇಳಿದೆ, ಬೈದೆ. ಅವಳು ಕಿವಿಗೇ ಹಾಕಿಕೊಳ್ಳಲಿಲ್ಲ. ಒಂದು ಮಧ್ಯಾಹ್ನ ಸಿಟ್ಟಿನಿಂದಲೇ ಅವಳ ಹಿಂದೆ ಹೋಗಿ ನಿಂತೆ. ಅವಳು ಕೂಗಿದಳು. ಅಲೆಗಳ ಆಚೆಯಿಂದ ಯಾರೋ ಓಗೊಟ್ಟರು. ಗಾಳಿಯಿರಬೇಕು ಅಂದುಕೊಂಡೆ. ಆದರೂ ಎರಡು ಹೆಜ್ಜೆ ಹಿಂದೆ ಸರಿದೆ. ಆಯಿಗೆ ಏನೂ ಹೇಳಲಿಲ್ಲ.

ಈ ಸಲದ ಮೀನುಗಾರಿಕೆ ಶುರುವಾದಾಗ ಇನ್ನೂ ಕೆಲವು ದೋಣಿಗಳಿಗೆ ಅದೇ ಯಂತ್ರ ಬಂತು. ಗಂಡ ಹತ್ತಿರ ಬಂದನೆಂದು ಒಬ್ಬಳು ಬುಟ್ಟಿ ಹಿಡಿದು ಸಂಜೆಯವರೆಗೆ ಬಿಸಿಲಲ್ಲಿ ಕಾದಳು. ದೋಣಿ ನಡುಗಡಲಲ್ಲಿತ್ತು. ಇನ್ನು ಸುಮ್ಮನಿರುವಂತಿರಲಿಲ್ಲ. ಯಾವ ಯಂತ್ರ ಹೇಗೇ ಕಳಿಸಲಿ, ಪುಟದ ಮೇಲೆ ಎಲ್ಲವೂ ನಮ್ಮ ರೀತಿಯಲ್ಲೇ ಕಾಣುವಂತೆ ಮಾಡಿದೆ. ಅಪ್ಪನ ಸಾಲೊಂದನ್ನು ಹಾಗೇ ಬಿಡಬಹುದಿತ್ತು. ಆ ಓಗೊಟ್ಟ ದನಿ ನನ್ನ ಕಿವಿ ಬಿಟ್ಟಿರಲಿಲ್ಲ, ಹೆದರಿಕೆಯಾಗಿ ಅದನ್ನೂ ಬದಲಿಸಿದೆ. 18,405.

ಮರುದಿನ ಬಸ್ಸು ಹಿಡಿದು, ಕಾಳಿ ಸೇತುವೆ ದಾಟಿ ಹೋದೆ. ಆಯಿ ಫೋನು ಹಿಡಿದು ಹೊಸ್ತಿಲಲ್ಲೇ ಕೂತಿದ್ದಳು.

“ನಿನ್ನೆವರೆಗೆ ಇಲ್ಲೇ ಇದ್ರು. ಇಷ್ಟ್ ದೂರ ಹೋಗೂಕೆ ಎಂತಾಯ್ತೆ?”

“ಮೊದ್ಲಿಂದ್ಲೂ ಅಷ್ಟೇ ದೂರ ಇತ್ತು ಆಯಿ. ನಾನೇ ಸರಿ ಮಾಡ್ದೆ.”

ಅವಳು ಅಳಲಿಲ್ಲ. ಅಂದು ನೀರಿನ ಅಂಚಿಗೂ ಹೋಗಲಿಲ್ಲ. ಮಧ್ಯಾಹ್ನ ಎರಡೇ ತಾಟು ಇಟ್ಟಳು. ನನಗೆ ಸಾರು ಬಡಿಸುತ್ತ, ಮುಖ ನೋಡದೆ ಹೇಳಿದಳು:

“ಅವ್ರು ಓ ಅಂದದ್ದು ಅವತ್ತು ನಿಂಗೂ ಕೇಳಿತ್ತು. ಆದ್ರೂ ಕಳ್ಸಿಬಿಟ್ಯಲ್ಲೆ, ಮಗಾ.”